ಮಾರ್ಚ್ ತಿಂಗಳ ತರಕಾರಿ ಹಾಕಿದ ಪಿಜ್ಜಾ: ನಡುಭಾಗ ಹಸಿಯಾಗೇ ಉಳಿಯೋದು ಯಾಕೆ?

ಹಾಸನ_ಸಂತೆಚೀಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈಗ ಹಾಸನದ ಮಾರ್ಕೆಟ್‌ನಲ್ಲಿ ಸಿಗ್ತಿರೋ ಹಸಿ ಬಟಾಣಿ, ಬೀನ್ಸ್, ಈರುಳ್ಳಿ ಸೊಪ್ಪು, ದಪ್ಪ ಮೆಣಸಿನಕಾಯಿ, ಅಣಬೆ ಇಷ್ಟರಲ್ಲೇ ಮನೆಯಲ್ಲಿ ಪಿಜ್ಜಾ ಮಾಡಬೇಕು. ಹೊರಗಿನ ಸಾಸ್, ರೆಡಿಮೇಡ್ ಬೇಸ್ ಬೇಡ.

ಈಗಿನ ಅಳತೆ ಹೀಗಿದೆ: ಮೈದಾ 250 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 2 ಟೀ ಚಮಚ, ಉಪ್ಪು 1 ಟೀ ಚಮಚ, ನೀರು ಕೈ ಅಂದಾಜು. ಕಲಸಿ ಅಡುಗೆಮನೆಯಲ್ಲೇ 3 ಗಂಟೆ ಬಿಟ್ಟಿದ್ದು. ನಾಟಿ ಟೊಮೇಟೊ ರುಬ್ಬಿ ಸ್ವಲ್ಪ ಕುದಿಸಿದ ಸಾಸ್. ಮೇಲೆ ತರಕಾರಿ ಎಲ್ಲ ಹಸಿಯಾಗೇ, ಹೆಚ್ಚುಕಡಿಮೆ 250 ಗ್ರಾಂ. ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಒಂದರಲ್ಲೇ ಇರೋ ಕರೆಂಟ್ ಒಲೆ) 28 ಲೀಟರ್, 230 ಡಿಗ್ರಿ, 10 ನಿಮಿಷ ಕಾಯಿಸಿ ನಡುವಿನ ಅಂತಸ್ತಿನಲ್ಲಿ 15 ನಿಮಿಷ.

ಬಂದ ತೊಂದರೆಗಳು: ನಡುಭಾಗ ಒದ್ದೆ, ತುಂಡು ಎತ್ತಿದರೆ ಬಾಗಿ ತರಕಾರಿ ಎಲ್ಲ ಜಾರುತ್ತೆ. ಚೀಸ್ ಕಂದು ಬಣ್ಣಕ್ಕೆ ತಿರುಗಿದಾಗ್ಲೂ ಅಡಿ ಬೆಳ್ಳಗೇ ಇರುತ್ತೆ. ಬಟಾಣಿ ಮುದುಡಿ ಗಟ್ಟಿ. ಹಿಟ್ಟು ಒಂಥರಾ ಹೆಂಡದ ವಾಸನೆ, ಹರಡಿದರೆ ಹರಿಯುತ್ತೆ. ಎಲ್ಲಿ ತಪ್ತಾ ಇದೆ ಅಂತ ಬಿಡಿಸಿ ಹೇಳಿ ದಯವಿಟ್ಟು.

---

ಒಲೆಹದ_ಚಿಕ್ಕಮಗಳೂರು ಉತ್ತರ:

ನಾಲ್ಕು ತೊಂದರೆಯಲ್ಲಿ ಎರಡಕ್ಕೆ ಕಾರಣ ನೀರು. ಮೊದಲು ಅದನ್ನೇ ನೋಡೋಣ.

ಅಣಬೆ, ದಪ್ಪ ಮೆಣಸಿನಕಾಯಿ, ಬೀನ್ಸ್ ಇವೆಲ್ಲದರಲ್ಲೂ ನೂರಕ್ಕೆ 90ರ ಆಸುಪಾಸು ನೀರೇ. ಬಟಾಣಿಯಲ್ಲಿ 80ರ ಹತ್ತಿರ. 250 ಗ್ರಾಂ ಹಸಿ ತರಕಾರಿ ಅಂದರೆ ಒಂದು ದೊಡ್ಡ ಲೋಟ ನೀರನ್ನ ಹಿಟ್ಟಿನ ಮೇಲೆ ಕೂರಿಸಿದ ಹಾಗೆ. ಇಟಲಿಯ ನೇಪಲ್ಸ್‌ನಲ್ಲಿ ಸೌದೆ ಒಲೆಯ ನೆಲವೇ 400 ಡಿಗ್ರಿ ಆಸುಪಾಸು ಕಾದಿರುತ್ತೆ, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಹೊರಗೆ ಬರುತ್ತೆ. ಅಷ್ಟರಲ್ಲಿ ತರಕಾರಿಗೆ ನೀರು ಬಿಡೋಕೆ ಪುರುಸೊತ್ತೇ ಇರೋದಿಲ್ಲ. ನಮ್ಮ ಓಟಿಜಿಯಲ್ಲಿ ಹತ್ತು ನಿಮಿಷ ಬೇಕು, ಅಷ್ಟು ಹೊತ್ತೂ ತರಕಾರಿ ನೀರು ಬಿಡ್ತಾನೇ ಇರುತ್ತೆ. ಹಾಗಾಗಿ ಅಲ್ಲಿಯ ಪಾಕವಿಧಾನ ನೋಡಿ ಹಸಿ ತರಕಾರಿ ಹರಡಿದರೆ ಇಲ್ಲಿ ಕೆಡುತ್ತೆ. 10 ಇಂಚಿನ ಒಂದು ಪಿಜ್ಜಾಗೆ ನೀರು ತೆಗೆದ ತರಕಾರಿ 100ರಿಂದ 120 ಗ್ರಾಂ ಸಾಕು.

ಬಟಾಣಿ: 1 ಲೀಟರ್ ನೀರಿಗೆ 2 ಟೀ ಚಮಚ ಉಪ್ಪು ಹಾಕಿ, ನೀರು ಕೊತಕೊತ ಕುದಿಯುವಾಗ ಕಾಳು ಹಾಕಿ. ಎಳೆಯದಾದರೆ 2 ನಿಮಿಷ. ಬಿಸಿಲು ಏರಿದ ಮೇಲೆ ಬರೋ ಬಟಾಣಿ ಬಲಿತಿರುತ್ತೆ, ಸಿಹಿ ಹೋಗಿ ಹಿಟ್ಟು ಹಿಟ್ಟಾಗಿರುತ್ತೆ, ಅದಕ್ಕೆ 4ರಿಂದ 5 ನಿಮಿಷ ಬೇಕು. ಒಂದು ಕಾಳನ್ನ ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಸುಲಭವಾಗಿ ಜಾರಬೇಕು, ಅದೇ ಹದ. ತಕ್ಷಣ ಬಸಿದು ತಣ್ಣೀರಿಗೆ ಹಾಕಿ, ಆಮೇಲೆ ಹತ್ತಿ ಬಟ್ಟೆಯ ಮೇಲೆ 10 ನಿಮಿಷ ಹರಡಿ. ಹಸಿರು ಬಣ್ಣ ಉಳೀಲಿ ಅಂತ ಸೋಡಾ ಹಾಕೋರು ಇದ್ದಾರೆ, ಹಾಕಬೇಡಿ. ಬಣ್ಣ ಉಳಿಯುತ್ತೆ, ಕಾಳು ಮಾತ್ರ ಮೆತ್ತಗೆ ಪಿಚಪಿಚ ಆಗುತ್ತೆ. ನಿಮ್ಮ ಬಟಾಣಿ ಮುದುಡಿದ್ದು ಒಣ ಶಾಖಕ್ಕೆ ಹಸಿ ಕಾಳು ನೇರವಾಗಿ ಸಿಕ್ಕಿದ್ದರಿಂದ: ಒಳಗೆ ಬೇಯುವ ಮೊದಲೇ ಮೇಲಿನ ತೇವ ಹಾರಿಹೋಗುತ್ತೆ.

ಇನ್ನೂ ಒಳ್ಳೆಯ ದಾರಿ ಒಂದಿದೆ. ಬೆಂದ ಬಟಾಣಿಯಲ್ಲಿ ಅರ್ಧ ಭಾಗವನ್ನ 1 ಟೇಬಲ್ ಚಮಚ ಎಣ್ಣೆ, ಅರ್ಧ ಎಸಳು ಬೆಳ್ಳುಳ್ಳಿ, ಉಪ್ಪು, ತರಿಯಾಗಿ ಕುಟ್ಟಿದ ಕಾಳುಮೆಣಸು ಸೇರಿಸಿ ನೀರು ಹಾಕದೆ ತರಿತರಿಯಾಗಿ ರುಬ್ಬಿ. ಟೊಮೇಟೊ ಸಾಸ್ ಬದಲು ಇದನ್ನೇ ಹಚ್ಚಿ, ಉಳಿದ ಕಾಳನ್ನ ಅದರ ಮೇಲೆ ಒತ್ತಿ ಕೂರಿಸಿ. ಕಾಳು ಉರುಳಿ ಬೀಳೋದಿಲ್ಲ, ಸಾಸಿನ ನೀರಿನ ತಾಪತ್ರಯವೂ ತಪ್ಪುತ್ತೆ. ಈ ಕಾಲದ ಪಿಜ್ಜಾಗೆ ಟೊಮೇಟೊಗಿಂತ ಇದೇ ಹೊಂದುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ. ಟೊಮೇಟೊ ಹುಳಿಯ ಮುಂದೆ ಎಳೆ ಬಟಾಣಿಯ ಸಿಹಿ ನಿಲ್ಲೋದಿಲ್ಲ.

ಬೀನ್ಸ್: ನಾರು ತೆಗೆದು, ಓರೆಯಾಗಿ ತೆಳ್ಳಗೆ ಹೆಚ್ಚಿ, ಅದೇ ನೀರಲ್ಲಿ 3 ನಿಮಿಷ. ಪಲ್ಯಕ್ಕೆ ಹೆಚ್ಚೋ ಹಾಗೆ ಚೂರು ಚೂರು ಮಾಡಿದರೆ ಪ್ರತಿ ತುದಿಯಿಂದಲೂ ನೀರು ಒಸರುತ್ತೆ.

ಅಣಬೆ: ಒಣ ಬಾಣಲೆ, ಜೋರು ಉರಿ, ಎಣ್ಣೆ ಬೇಡ. ಮೊದಲು ನೀರು ಬಿಡುತ್ತೆ, ಆ ನೀರು ಪೂರ್ತಿ ಇಂಗಿ ಅಂಚು ಕಂದಾಗಲಿ. ಆಮೇಲೆ 1 ಚಮಚ ಎಣ್ಣೆ, ಕೊನೆಗೆ ಉಪ್ಪು. 200 ಗ್ರಾಂ ಅಣಬೆ ಅರ್ಧಕ್ಕೆ ಇಳಿದರೆ ಸರಿಯಾಗಿದೆ ಅಂತ. ಬಾಣಲೆ ತುಂಬಾ ತುರುಕಿದರೆ ಹುರಿಯೋದಿಲ್ಲ, ತನ್ನ ನೀರಲ್ಲೇ ಬೇಯುತ್ತೆ. ಎರಡು ಸಲ ಮಾಡಿ.

ದಪ್ಪ ಮೆಣಸಿನಕಾಯಿ: ಒಳಗಿನ ಬಿಳಿ ತಿರುಳು ಬೀಜ ತೆಗೆದು ಸಣ್ಣ ಪಟ್ಟಿ ಮಾಡಿ, ಬಿಸಿ ಬಾಣಲೆಯಲ್ಲಿ ಒಂದೂವರೆ ನಿಮಿಷ. ಈರುಳ್ಳಿ ಸೊಪ್ಪಿನ ಬಿಳಿ ಭಾಗ ಹಸಿಯಾಗೇ ಚೀಸ್ ಕೆಳಗೆ, ಹಸಿರು ಭಾಗ ಓವನ್‌ನಿಂದ ತೆಗೆದ ಮೇಲೆ. ಮೊದಲೇ ಹಾಕಿದರೆ ಸುಟ್ಟು ಕಹಿಯಾಗುತ್ತೆ.

ಟೊಮೇಟೊ ಸಾಸೇ ಬೇಕು ಅಂದರೆ: ನಾಟಿ ಟೊಮೇಟೊ 500 ಗ್ರಾಂ, ಅಡ್ಡ ಕೊಯ್ದು ಬೀಜದ ಲೋಳೆಯನ್ನ ಹಿಂಡಿ ತೆಗೆದು ರುಬ್ಬಿ. ಅಗಲ ಬಾಣಲೆಯಲ್ಲಿ 15ರಿಂದ 18 ನಿಮಿಷ ಮುಚ್ಚಳ ಇಲ್ಲದೆ ಕುದಿಸಿ, 200 ಗ್ರಾಂಗೆ ಇಳಿಸಿ. ಸೌಟಿನಿಂದ ನಡುವೆ ಗೆರೆ ಎಳೆದರೆ ಗೆರೆ ತಕ್ಷಣ ಕೂಡಿಕೊಳ್ಳಬಾರದು. ಒಂದು ಪಿಜ್ಜಾಗೆ 60 ಗ್ರಾಂ, ಅಂದರೆ 4 ಟೇಬಲ್ ಚಮಚ. ತೆಳ್ಳಗೆ ಸವರಿ, ಬಳಿಯಬೇಡಿ.

---

ಮೂಡಿಗೆರೆ_ಕಣಕ ಉತ್ತರ:

ಮೇಲಿನವರು ತರಕಾರಿ ಬಗ್ಗೆ ಹೇಳಿದ್ದಾರೆ, ನಾನು ಹಿಟ್ಟಿನ ಬಗ್ಗೆ ಹೇಳ್ತೀನಿ.

2 ಟೀ ಚಮಚ ಇನ್‌ಸ್ಟಂಟ್ ಯೀಸ್ಟ್ ಅಂದರೆ ಸುಮಾರು 6 ಗ್ರಾಂ. 250 ಗ್ರಾಂ ಮೈದಾಕ್ಕೆ, ಅದೂ ಮಾರ್ಚ್ ಸೆಕೆಯಲ್ಲಿ 3 ಗಂಟೆ! ಆ ಹೊತ್ತಿಗೆ ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು, ಆಲ್ಕೋಹಾಲ್ ಮತ್ತು ಹುಳಿ ಬಿಟ್ಟು, ಹಿಟ್ಟನ್ನ ಹಿಡಿದಿಡೋ ಅಂಟಿನ (ಗ್ಲೂಟನ್) ಜಾಲವೇ ಸಡಿಲ ಆಗಿರುತ್ತೆ. ಹೆಂಡದ ವಾಸನೆಗೂ, ಹರಿಯೋದಕ್ಕೂ ಕಾರಣ ಇದೊಂದೇ. ಮೈದಾದ ತಪ್ಪಲ್ಲ.

ಎರಡು ಪಿಜ್ಜಾಗೆ ಅಳತೆ: ಮೈದಾ 300 ಗ್ರಾಂ, ನೀರು 185 ಗ್ರಾಂ, ಉಪ್ಪು 6 ಗ್ರಾಂ, ಎಣ್ಣೆ 6 ಗ್ರಾಂ, ಸಕ್ಕರೆ 3 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1.5 ಗ್ರಾಂ (ಸಪಾಟಾಗಿ ಅರ್ಧ ಟೀ ಚಮಚ). ನೀರನ್ನೂ ತಕ್ಕಡಿಯಲ್ಲೇ ತೂಗಿ. ಕೈ ಅಂದಾಜು ಚಪಾತಿಗೆ ನಡೆಯುತ್ತೆ, ಇಲ್ಲಿ 15 ಗ್ರಾಂ ನೀರು ಹೆಚ್ಚುಕಡಿಮೆ ಆದರೂ ಹಿಟ್ಟಿನ ಸ್ವಭಾವವೇ ಬದಲಾಗುತ್ತೆ. ಮಧ್ಯಾಹ್ನ ಟ್ಯಾಂಕ್ ನಲ್ಲಿಯಲ್ಲಿ ಬರೋ ನೀರು ಬಿಸಿ ಇರುತ್ತೆ, ಅದನ್ನ ಬಿಟ್ಟು ಮಡಕೆ ನೀರು ಬಳಸಿ. ಪ್ಯಾಕೆಟ್ ಮೇಲೆ 'ಆಕ್ಟಿವ್ ಡ್ರೈ' ಅಂತ ಇದ್ದರೆ ಮಾತ್ರ ಅದನ್ನ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಬೇಕು, ಇನ್‌ಸ್ಟಂಟ್‌ಗೆ ಅದು ಬೇಕಿಲ್ಲ.

ಹದ ಹೇಗಿರಬೇಕು ಅಂದರೆ, ಯುಗಾದಿ ಒಬ್ಬಟ್ಟಿನ ಕಣಕಕ್ಕಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು. ಕಲಸಿ 15 ನಿಮಿಷ ಮುಚ್ಚಿಟ್ಟು, ಆಮೇಲೆ 8ರಿಂದ 10 ನಿಮಿಷ ನಾದಿ. ನಡುವೆ ಬಿಟ್ಟ ಆ 15 ನಿಮಿಷದಲ್ಲಿ ಹಿಟ್ಟು ತಾನೇ ಅರ್ಧ ಕೆಲಸ ಮಾಡಿಕೊಳ್ಳುತ್ತೆ. ನಿಂಬೆ ಗಾತ್ರದ ಚೂರು ತೆಗೆದು ಬೆರಳಿನಿಂದ ಎಳೆದರೆ ಹರಿಯದೆ, ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಅಲ್ಲಿಗೆ ನಿಲ್ಲಿಸಿ.

ಈಗಿನ ಸೆಕೆಗೆ ಒಂದೂವರೆಯಿಂದ ಎರಡು ಗಂಟೆಯಲ್ಲಿ ಇಮ್ಮಡಿಯಾಗುತ್ತೆ. ಗಡಿಯಾರಕ್ಕಿಂತ ಪಾತ್ರೆ ನೋಡಿ: ನೇರ ಗೋಡೆಯ ಸ್ಟೀಲ್ ಡಬ್ಬಿಗೆ ಹಾಕಿ ಮಟ್ಟಕ್ಕೆ ಒಂದು ಗುರುತು ಮಾಡಿದರೆ ಇಮ್ಮಡಿ ಯಾವುದು ಅಂತ ಗೊತ್ತಾಗುತ್ತೆ. ಎರಡು ಉಂಡೆ ಮಾಡಿ (ಒಂದೊಂದು 250 ಗ್ರಾಂ), ಮತ್ತೆ 30 ನಿಮಿಷ ಮುಚ್ಚಿಡಿ.

ರುಚಿ ಬೇಕು ಅಂದರೆ ಫ್ರಿಜ್ಜೇ ಸರಿ. ಯೀಸ್ಟ್ 1 ಗ್ರಾಂಗೆ ಇಳಿಸಿ, ನಾದಿ, ಅರ್ಧ ಗಂಟೆ ಹೊರಗಿಟ್ಟು, ಎಣ್ಣೆ ಸವರಿದ ಡಬ್ಬಿಯಲ್ಲಿ 24 ಗಂಟೆ ಫ್ರಿಜ್ಜಿನಲ್ಲಿಡಿ. ಮಾಡುವ ಒಂದೂವರೆ ಗಂಟೆ ಮೊದಲು ಹೊರತೆಗೆಯಿರಿ. ತಣ್ಣಗಿನ ಹಿಟ್ಟು ಎಳೆದಷ್ಟೂ ಹಿಂದಕ್ಕೆ ಮುದುಡುತ್ತೆ, ಬಲವಂತ ಮಾಡಿದರೆ ಹರಿಯುತ್ತೆ.

ಲಟ್ಟಣಿಗೆ ಬೇಡ. ಒಳಗಿನ ಗಾಳಿ ಎಲ್ಲ ಹೊರಗೆ ಹೋಗಿ ಅಂಚು ಬಿಸ್ಕತ್ತಿನ ಹಾಗಾಗುತ್ತೆ. ಅಕ್ಕಿರೊಟ್ಟಿ ತಟ್ಟೋ ಕೈಗೆ ಇದು ಕಷ್ಟ ಅಲ್ಲ: ನಡುವಿನಿಂದ ಹೊರಕ್ಕೆ ಬೆರಳ ತುದಿಯಲ್ಲಿ ಒತ್ತುತ್ತಾ ಹೋಗಿ, ಸುತ್ತ ಒಂದೂವರೆ ಸೆಂಟಿಮೀಟರ್ ಅಂಚು ಮುಟ್ಟದೆ ಬಿಡಿ. ಅಡಿಗೆ ಚಿರೋಟಿ ರವೆ ಉದುರಿಸಿ, ಹಿಟ್ಟು ಜಾರುತ್ತೆ. ಮೈದಾ ಉದುರಿಸಿದರೆ ಅಂಟುತ್ತೆ, ಸುಟ್ಟು ಕಹಿಯೂ ಆಗುತ್ತೆ.

ಗೋಧಿ ಹಿಟ್ಟು ಸೇರಿಸೋರಿಗೆ: 200 ಮೈದಾ, 100 ಗೋಧಿ, ನೀರು 200. ತೌಡು ಹೆಚ್ಚು ನೀರು ಕುಡಿಯುತ್ತೆ. ರಾಗಿ 30 ಗ್ರಾಂವರೆಗೆ ನಡೆಯುತ್ತೆ, ಅದಕ್ಕಿಂತ ಮೇಲೆ ಹೋದರೆ ರಾಗಿಗೆ ಅಂಟಿಲ್ಲದ ಕಾರಣ ಎಳೆಯೋವಾಗ ತೂತು ಬೀಳುತ್ತೆ.

---

ಸಕಲೇಶಪುರ_ಹೂಮಳೆ ಉತ್ತರ:

ಹಾಸನ, ಚಿಕ್ಕಮಗಳೂರು ಎರಡೂ ಹತ್ತಿರ ಹತ್ತಿರ 1000 ಮೀಟರ್ ಎತ್ತರದಲ್ಲಿವೆ. ಎತ್ತರದಲ್ಲಿ ಹಿಟ್ಟು ಬೇಗ ಉಬ್ಬುತ್ತೆ ಅಂತಾರಲ್ಲ, ಯೀಸ್ಟ್ ಅದಕ್ಕೇ ಕಡಿಮೆ ಮಾಡಬೇಕಾ?

---

ಮೂಡಿಗೆರೆ_ಕಣಕ ಉತ್ತರ:

ಗಾಳಿಯ ಒತ್ತಡ ಕಡಿಮೆ ಇರೋದರಿಂದ ಸ್ವಲ್ಪ ಬೇಗ ಉಬ್ಬೋದು ನಿಜ. ಆದರೆ ನಮ್ಮ ಎತ್ತರಕ್ಕೆ ಆ ವ್ಯತ್ಯಾಸ ಸಣ್ಣದು. ಇದೇ ಅಡುಗೆಮನೆಯಲ್ಲಿ ಜನವರಿ ಬೆಳಗ್ಗೆಗೂ ಮಾರ್ಚ್ ಮಧ್ಯಾಹ್ನಕ್ಕೂ ಇರೋ ಉಷ್ಣಾಂಶದ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು. ಯೀಸ್ಟ್ ಇಳಿಸಬೇಕಾದದ್ದು ಸೆಕೆಗೆ. ಎತ್ತರ ಲೆಕ್ಕಕ್ಕೆ ಬರೋದು ಬೇಯಿಸುವಾಗ: ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ, ಬಟಾಣಿ ಬೀನ್ಸ್‌ಗೆ ಸಮುದ್ರಮಟ್ಟದವರು ಬರೆದ ಸಮಯಕ್ಕಿಂತ ಅರ್ಧ ನಿಮಿಷ ಹೆಚ್ಚು ಹಿಡಿಯಿರಿ.

---

ಕಾವಲಿ_ಆಲೂರು ಉತ್ತರ:

ಚೀಸ್ ಕಂದು, ಅಡಿ ಬೆಳ್ಳಗೆ: ಇದು ಪೂರ್ತಿ ಓವನ್ ಜೋಡಣೆಯ ತಪ್ಪು. ಓಟಿಜಿಯ ದೀಪ ಆರಿತು ಅಂದರೆ ಒಳಗಿನ ಗಾಳಿ ಕಾದಿದೆ ಅಂತ ಅಷ್ಟೇ. ತಟ್ಟೆ ಇನ್ನೂ ತಣ್ಣಗೇ ಇರುತ್ತೆ. ಹಿಟ್ಟು ಬೇಯೋದು ಗಾಳಿಯಿಂದಲ್ಲ, ಅಡಿಗೆ ತಾಗಿದ ಬಿಸಿಯಿಂದ.

ಪಿಜ್ಜಾ ಕಲ್ಲು ಕೊಳ್ಳೋದು ಬೇಕಿಲ್ಲ. ಮನೆಯ ಎರಕದ ಕಬ್ಬಿಣದ ಕಾವಲಿ (ಮರದ, ಪ್ಲಾಸ್ಟಿಕ್ ಹಿಡಿ ಇರಬಾರದು, ಬಾಗಿಲು ಪೂರ್ತಿ ಮುಚ್ಚಬೇಕು) ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿಡಿ. ಮೇಲೆ ಕೆಳಗೆ ಎರಡೂ ರಾಡ್, 250 ಡಿಗ್ರಿ, 35 ನಿಮಿಷ. ಬೆಣ್ಣೆ ಕಾಗದದ ಮೇಲೆ ಪಿಜ್ಜಾ ಸಿದ್ಧಮಾಡಿ, ಕಾಗದ ಸಮೇತ ಕಾವಲಿ ಮೇಲೆ ಜಾರಿಸಿ. ಅಂಚಿನಿಂದ ಹೊರಗಿರೋ ಕಾಗದ ಮೊದಲೇ ಕತ್ತರಿಸಿ, ರಾಡ್‌ಗೆ ತಾಗಬಾರದು. ಎರಡು ಮೂರು ನಿಮಿಷದಲ್ಲಿ ಅಡಿ ಗಟ್ಟಿಯಾದ ಕೂಡಲೇ ಇಕ್ಕಳದಲ್ಲಿ ಹಿಡಿದು ಕಾಗದ ಎಳೆದುಬಿಡಿ, ಬಹಳಷ್ಟು ಬೆಣ್ಣೆ ಕಾಗದ 250 ಡಿಗ್ರಿ ತಡೆಯೋದಿಲ್ಲ. ಒಟ್ಟು 9ರಿಂದ 11 ನಿಮಿಷ. ಅಡಿ ಎತ್ತಿ ನೋಡಿ, ರೊಟ್ಟಿಯ ಹಾಗೆ ಕಂದು ಚುಕ್ಕೆ ಬಂದಿರಬೇಕು. ಮೇಲೆ ಬಣ್ಣ ಸಾಲದಿದ್ದರೆ ಕೊನೆಯ 2 ನಿಮಿಷ ಮೇಲಿನ ರಾಡ್ ಮಾತ್ರ.

ಕಾವಲಿ ಹಿಡಿಸದ ಸಣ್ಣ ಓವನ್ ಆದರೆ: ಬರೀ ಹಿಟ್ಟನ್ನ ಫೋರ್ಕಿನಿಂದ ಚುಚ್ಚಿ, ಕೆಳಗಿನ ರಾಡ್‌ನಲ್ಲಿ 4 ನಿಮಿಷ ಬೇಯಿಸಿ ತೆಗೆದು, ಆಮೇಲೆ ಸಾಸ್ ತರಕಾರಿ ಹಾಕಿ ಮತ್ತೆ 7 ನಿಮಿಷ.

ಕಡಪ ಕಲ್ಲು, ಗ್ರಾನೈಟ್ ತುಂಡು ಇಡೋ ಸಲಹೆ ಕೆಲವರು ಕೊಡ್ತಾರೆ. ಬೇಡ. ಒಳಗೆ ತೇವ ಸಿಕ್ಕಿಕೊಂಡಿದ್ದರೆ ಒಡೆಯುತ್ತೆ, ಪಾಲಿಶ್ ಮಾಡಿದ ಕಲ್ಲಿನ ಮೇಲೆ ಏನು ಬಳಿದಿರ್ತಾರೋ ಗೊತ್ತಾಗೋದಿಲ್ಲ.

ಮಲೆನಾಡು ಕಡೆಯವರು ಇನ್ನೊಂದು ಗಮನಿಸಬೇಕು: ವೋಲ್ಟೇಜ್. ಹೀಟರ್ ರಾಡ್‌ನ ಶಕ್ತಿ ವೋಲ್ಟೇಜಿನ ವರ್ಗದ (ಅದನ್ನ ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತೆ. 230 ಇರಬೇಕಾದದ್ದು 190ಕ್ಕೆ ಬಿದ್ದರೆ 1500 ವ್ಯಾಟಿನ ಓವನ್ ಬರೀ 1020 ವ್ಯಾಟ್ ಕೊಡುತ್ತೆ, ಅಂದರೆ ಮೂರನೇ ಒಂದು ಭಾಗ ಹೋಯಿತು. ಸಂಜೆ ಎಲ್ಲರ ಮನೆಯ ಲೈಟು ಹತ್ತುವ ಹೊತ್ತಿಗಿಂತ ಮಧ್ಯಾಹ್ನ ಬೇಯಿಸಿ, ಇಲ್ಲವೇ ಕಾವಲಿಯನ್ನ ಮೊದಲು ಗ್ಯಾಸ್ ಒಲೆ ಮೇಲೆ ಚೆನ್ನಾಗಿ ಕಾಯಿಸಿ ಓವನ್ ಒಳಗಿಡಿ. ದಪ್ಪ ಕೈಗವಸು ಹಾಕಿಕೊಂಡೇ ಎತ್ತಿ.

---

ಹಾಸನ_ಸಂತೆಚೀಲ ಉತ್ತರ:

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನು ಮೂರು ಸಂದೇಹ. ಚೀಸ್ ಯಾವುದು, ಎಷ್ಟು? ಕರೆಂಟ್ ಹೋದರೆ ಒಲೆ ಮೇಲೆ ಮುಗಿಸಬಹುದಾ? ಮತ್ತೆ ಹೊರದೇಶದ ಪಾಕವಿಧಾನದಲ್ಲಿ ವಸಂತದ ಪಿಜ್ಜಾಗೆ ಆರ್ಟಿಚೋಕ್ (ತರಕಾರಿಯಾಗಿ ತಿನ್ನೋ ಒಂದು ಹೂಮೊಗ್ಗು), ಶತಾವರಿ ಕುಡಿ (ಆಸ್ಪ್ಯಾರಗಸ್) ಅಂತ ಇರುತ್ತೆ, ಅದರ ಬದಲು ಏನು?

---

ಒಲೆಹದ_ಚಿಕ್ಕಮಗಳೂರು ಉತ್ತರ:

ಚೀಸ್: ಕಡಿಮೆ ತೇವದ ಮೊಝರೆಲ್ಲಾ ಗಟ್ಟಿ, ಒಂದು ಪಿಜ್ಜಾಗೆ 90 ಗ್ರಾಂ. ಫ್ರಿಜ್ಜಿನಿಂದ ತೆಗೆದ ಕೂಡಲೇ ತುರಿದು ತಣ್ಣಗಿರುವಾಗಲೇ ಹಾಕಿ, ಕಂದಾಗೋದು ತಡ ಆಗುತ್ತೆ. ನೀರಲ್ಲಿ ತೇಲಿಸಿಟ್ಟ ಹಸಿ ಮೊಝರೆಲ್ಲಾ ಸಿಕ್ಕರೆ ಹರಿದು ಬಟ್ಟೆಯಲ್ಲಿ ಒಂದು ಗಂಟೆ ಬಸಿಯದೆ ಹಾಕಬೇಡಿ. ಸ್ಯಾಂಡ್‌ವಿಚ್‌ಗೆ ಹಾಕೋ ಸಂಸ್ಕರಿಸಿದ ಚೀಸ್ ಎಳೆ ಬರೋದಿಲ್ಲ, ಅದು ನಯವಾಗಿ ಕರಗಲಿ ಅಂತಲೇ ಲವಣ ಸೇರಿಸಿ ಮಾಡಿದ್ದು.

ಸಸ್ಯಾಹಾರಿ ಮನೆಗೆ ಮುಖ್ಯವಾದ ಮಾತು: ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಆಮದು ಚೀಸ್ ಕೊಳ್ಳುವಾಗ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ, 'ಮೈಕ್ರೋಬಿಯಲ್ ರೆನ್ನೆಟ್' (ಸೂಕ್ಷ್ಮಾಣುಗಳಿಂದ ತೆಗೆದದ್ದು) ಅಂತ ಬರೆದಿದ್ದರೆ ಸರಿ.

ಆರ್ಟಿಚೋಕ್ ಬದಲು ನಮ್ಮಲ್ಲಿ ಇದೇ ಹೊತ್ತಿಗೆ ಬರೋ ಎಳೆ ಹಲಸಿನಕಾಯಿ ಇದೆಯಲ್ಲ! ಬೀಜ ಕಟ್ಟದ ಎಳೆಯದು ಬೇಕು. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿ, ಮುಳ್ಳು ಸಿಪ್ಪೆ ದಪ್ಪಗೆ ಕೆತ್ತಿ, ಮೇಣ ಒರೆಸಿ, ನಡುವಿನ ಗಟ್ಟಿ ದಿಂಡು ತೆಗೆಯಿರಿ. ಉಪ್ಪು, ಚಿಟಿಕೆ ಅರಿಶಿನ ಹಾಕಿ ಕುಕ್ಕರಿನಲ್ಲಿ ಒಂದೇ ವಿಷಲ್. ಬಸಿದು, ಆರಿದ ಮೇಲೆ ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ ಎಳೆ ಎಳೆಯಾಗಿ ಬಿಡಿಸಿ. 1 ಚಮಚ ಎಣ್ಣೆ, ಕಾಳುಮೆಣಸು, ಕೆಲವು ಹನಿ ನಿಂಬೆರಸ ಹಾಕಿ ಅಂಚು ಗರಿಗರಿ ಆಗುವವರೆಗೆ ಬಾಣಲೆಯಲ್ಲಿ ಹುರಿಯಿರಿ. ಎರಡು ವಿಷಲ್ ಕೂಗಿಸಿದರೆ ಮುದ್ದೆಯಾಗಿ ನೀರು ಹಿಡಿದುಕೊಳ್ಳುತ್ತೆ, ಮತ್ತೆ ಮೊದಲಿನ ತೊಂದರೆಗೇ ಬರ್ತೀರಿ. ಬಟಾಣಿ ಚಟ್ನಿಯಂಥ ಆ ಸಾಸ್ ಮೇಲೆ ಈ ಹಲಸು, ಈರುಳ್ಳಿ ಸೊಪ್ಪು, ಇಷ್ಟೇ ಸಾಕು. ಅಣಬೆ, ದಪ್ಪ ಮೆಣಸಿನಕಾಯಿ ಎಲ್ಲ ಒಟ್ಟಿಗೆ ಹೇರಬೇಡಿ.

ಶತಾವರಿ ಕುಡಿಗೆ ಎಳೆ ಬೀನ್ಸೇ ಹತ್ತಿರ.

ಆರಿಗಾನೊ ಪೊಟ್ಟಣ ಬೇಡ ಅನ್ನೋರಿಗೆ ಹಿತ್ತಲ ದೊಡ್ಡಪತ್ರೆ ಇದೆ. ಎರಡರಲ್ಲೂ ಆ ಖಾರದ ಘಮ ಕೊಡೋದು ಕಾರ್ವಕ್ರಾಲ್ ಅನ್ನೋ ಒಂದೇ ಅಂಶ. ಆದರೆ ಎಲೆ ದಪ್ಪ, ನೀರೂ ಜಾಸ್ತಿ, ಹಾಗಾಗಿ ಎರಡು ಎಲೆ ಸಣ್ಣಗೆ ಹೆಚ್ಚಿ ಟೊಮೇಟೊ ಸಾಸ್ ಕುದಿಯುವಾಗಲೇ ಹಾಕಿ. ನಾಲ್ಕೈದು ಹಾಕಿದರೆ ಕಷಾಯದ ರುಚಿ. ಬೇಸಿಲ್ ಬದಲು ಕಾಮಕಸ್ತೂರಿ ಎಲೆ ಹಾಕಬಹುದು, ಓವನ್‌ನಿಂದ ತೆಗೆದ ಮೇಲೆ. ತುಳಸಿ ಬೇರೆ, ಅದರ ಘಮ ಇಲ್ಲಿ ಹೊಂದೋದಿಲ್ಲ.

---

ಕಾವಲಿ_ಆಲೂರು ಉತ್ತರ:

ಒಲೆ ಮೇಲೆ ಖಂಡಿತ ಆಗುತ್ತೆ. ಉಂಡೆಯನ್ನ ಸಣ್ಣದು ಮಾಡಿ, 8 ಇಂಚು ಅಗಲಕ್ಕೆ ತೆಳ್ಳಗೆ ತಟ್ಟಿ. ದಪ್ಪ ಇದ್ದರೆ ಒಲೆಯಲ್ಲಿ ಒಳಗೆ ಬೇಯೋದಿಲ್ಲ. ಕಾವಲಿ ಮಧ್ಯಮ ಉರಿಯಲ್ಲಿ 5 ನಿಮಿಷ ಕಾಯಲಿ, ನೀರಿನ ಹನಿ ಚುಂಯ್ ಅಂತ ಓಡಾಡಬೇಕು. ಹಿಟ್ಟು ಹಾಕಿ 2 ನಿಮಿಷ, ಗುಳ್ಳೆ ಎದ್ದ ಮೇಲೆ ತಿರುವಿ. ಈಗ ಬೆಂದ ಮೇಲ್ಭಾಗಕ್ಕೆ ಸಾಸ್, ಚೀಸ್, ತರಕಾರಿ. ಉರಿ ಸಣ್ಣ ಮಾಡಿ ಎತ್ತರದ ಮುಚ್ಚಳ ಮುಚ್ಚಿ 6ರಿಂದ 7 ನಿಮಿಷ.

ಇಲ್ಲಿ ಕೆಡಿಸೋದು ಮುಚ್ಚಳದಿಂದ ತೊಟ್ಟಿಕ್ಕೋ ಹಬೆ ನೀರು. ಕಡುಬು ಬೇಯಿಸುವಾಗ ಮುಚ್ಚಳಕ್ಕೆ ಬಟ್ಟೆ ಕಟ್ಟೋ ಹಾಗೇ ಇದಕ್ಕೂ ಕಟ್ಟಿ. ಬಟ್ಟೆಯ ಗಂಟು ಮೇಲ್ಗಡೆ ಬರಲಿ, ಉರಿಗೆ ಇಳಿಬೀಳಬಾರದು. ಕೊನೆಯ ಒಂದು ನಿಮಿಷ ಮುಚ್ಚಳ ತೆಗೆದುಬಿಡಿ. ಚೀಸ್ ಕರಗುತ್ತೆ, ಕಂದು ಬಣ್ಣ ಮಾತ್ರ ಬರೋದಿಲ್ಲ, ಅದಕ್ಕೆ ಮೇಲಿನ ಬಿಸಿಯೇ ಬೇಕು.

ಇನ್ವರ್ಟರ್ ಮೇಲೆ ಓಟಿಜಿ ಹಾಕೋ ಯೋಚನೆ ಬೇಡ, ಮನೆಬಳಕೆಯ ಸಾಮಾನ್ಯ ಇನ್ವರ್ಟರ್ ಅಷ್ಟು ಲೋಡ್ ತಡೆಯೋದಿಲ್ಲ.

ಯಾವ ವಿಧಾನವಾದರೂ ಬೆಂದ ಪಿಜ್ಜಾವನ್ನ ತಟ್ಟೆ ಮೇಲೆ ನೇರ ಇಡಬೇಡಿ. ಅಡಿಯ ಹಬೆ ಅಲ್ಲೇ ನೀರಾಗಿ ಗರಿ ಹೋಗುತ್ತೆ. ತಂತಿ ಜಾಲರಿ ಮೇಲೆ 2 ನಿಮಿಷ ಇಟ್ಟು ಆಮೇಲೆ ಕತ್ತರಿಸಿ. ಜಾಲರಿ ಇಲ್ಲದಿದ್ದರೆ ಓವನ್‌ನದೇ ಕಂಬಿ ತಟ್ಟೆ ಸಾಕು.

---

ಸಕಲೇಶಪುರ_ಹೂಮಳೆ ಉತ್ತರ:

ಉಳಿದ ಇನ್ನೊಂದು ಉಂಡೆ ಎಷ್ಟು ದಿನ ಇಡಬಹುದು ಸರ್?

---

ಮೂಡಿಗೆರೆ_ಕಣಕ ಉತ್ತರ:

ಫ್ರಿಜ್ಜಿನಲ್ಲಿ 3 ದಿನ. ಎರಡನೇ ದಿನದ್ದೇ ರುಚಿ ಚೆನ್ನಾಗಿರುತ್ತೆ, ನಾಲ್ಕನೇ ದಿನಕ್ಕೆ ಬೂದು ಬಣ್ಣಕ್ಕೆ ತಿರುಗಿ ಅಂಟಂಟಾಗುತ್ತೆ. ಫ್ರೀಜರ್‌ನಲ್ಲಾದರೆ ಎಣ್ಣೆ ಸವರಿ ಕವರಿನಲ್ಲಿ ಗಾಳಿ ತೆಗೆದು ಕಟ್ಟಿ ಒಂದು ತಿಂಗಳು. ತೆಗೆದ ಮೇಲೆ ರಾತ್ರಿ ಪೂರ್ತಿ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲಿ, ಆಮೇಲೆ ಒಂದೂವರೆ ಗಂಟೆ ಹೊರಗೆ. ಬಿಸಿನೀರಲ್ಲಿಟ್ಟು ಕರಗಿಸಬೇಡಿ, ಹೊರಗಡೆ ಉಬ್ಬಿ ಒಳಗೆ ಕಲ್ಲಿನ ಹಾಗೇ ಇರುತ್ತೆ. ಒಡೆದ ಯೀಸ್ಟ್ ಪೊಟ್ಟಣವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೇ ಹಾಕಿ. ಈ ಸೆಕೆಗೆ ಹೊರಗಿಟ್ಟರೆ ಕೆಲವೇ ವಾರಗಳಲ್ಲಿ ಕಸುವು ಕಳೆದುಕೊಳ್ಳುತ್ತೆ.